ಯಾರಿಗೂ ಹೇಳಬೇಡ ಅಂದಿದ್ದೆ

ಮಾರ್ಚ್ ೪

ಮಗಳಿಗೆ,

ಕ್ಷೇಮ ಸಮಾಚಾರ ವಿಚಾರಿಸುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಇನ್ನು ಮುಂದೆ ನಾನು ನಿನಗೆ ಫೋನ್ ಮಾಡುವುದಿಲ್ಲ. ವಾಯ್ಸ್ ಮೆಸೇಜಂತೂ ಕಳಿಸುವುದೇ ಇಲ್ಲ. ಏನಿದ್ದರೂ ಹೀಗೆ ಕಾಗದದಲ್ಲಿ. ಕಾಗದಕ್ಕೆ ಬಾಯಿಲ್ಲ, ಅದೊಂದು ನೆಮ್ಮದಿ.

ಮೊನ್ನೆ ಕಣ್ಣು ತೋರಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಹುಡುಗಿಯೊಬ್ಬಳು ಕಿವಿಯಲ್ಲಿದ್ದ ತಂತಿ ತೆಗೆದು, "ಆಂಟಿ, ನೀವು ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ತಿದ್ರಲ್ಲ, ಅವರೇ ಅಲ್ವಾ?" ಎಂದಳು. ಹೌದು ಎಂದೆ. ರಿಟೈರ್ ಆದ ಮೇಲೂ ಜನ ನನ್ನ ದನಿಯ ಗುರುತು ಹಿಡಿಯುತ್ತಾರೆ, ಅದೇನು ಹೊಸದಲ್ಲ. ತರಕಾರಿ ಅಂಗಡಿಯಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಹಿಂದೆ ನಿಂತವರು ಗಾಡಿ ಎಷ್ಟು ಲೇಟು ಎಂದು ತಮಾಷೆ ಮಾಡುತ್ತಾರೆ. ಆದರೆ ಈ ಹುಡುಗಿ, "ಹಾಗಾದ್ರೆ ಇದೂ ನೀವೇ" ಎಂದು ತಂತಿಯ ಒಂದು ತುದಿಯನ್ನು ನನ್ನ ಕಿವಿಗೆ ಇಟ್ಟಳು.

ನಾನೇ. ಮೂಗು ಕಟ್ಟಿದ ದನಿಯಲ್ಲಿ ನಿನ್ನನ್ನು ಬೈಯುತ್ತಿದ್ದೇನೆ. "ಎತ್ತೇ ಫೋನು. ಉಂಡ್ಯೋ ಇಲ್ವೋ, ಅಷ್ಟಾದ್ರೂ ಹೇಳು. ನಿಮ್ಮಪ್ಪ ಏಣಿಯಿಂದ ಬಿದ್ದು ಸೊಂಟ ಹಿಡ್ಕೊಂಡು ಕೂತಿದಾರೆ. ಹತ್ತಬೇಡಿ ಅಂದ್ರೂ ಹತ್ತಿದ್ರು."

ಅವಳ ಫೋನಿನ ಮೇಲೆ ಒಂದು ಮನೆಯ ಚಿತ್ರ. ಮನೆ ತುಂಬ ಕಿಟಕಿಗಳು. ಒಂದೊಂದು ಕಿಟಕಿ ಮುಟ್ಟಿದರೆ ಒಬ್ಬೊಬ್ಬ ತಾಯಿಯ ದನಿ. ಹೆಸರು 'ಎತ್ತದ ಕರೆಗಳು'. ಕೆಳಗೆ 'ಇಂಟರ್‌ನೆಟ್ ಕಲೆ' ಎಂದು ಬರೆದಿತ್ತು. ಅದನ್ನು ಆರಿಸಿದವರ ಹೆಸರುಗಳಲ್ಲಿ ನಿನ್ನದೂ ಇತ್ತು.

"ಎಷ್ಟು ಚೆನ್ನಾಗಿ ಬೈತೀರಾ ಆಂಟಿ" ಎಂದಳು ಆ ಹುಡುಗಿ. ಒಳಗೆ ಹೋದೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿ ಎಂದರು. ಒಂದೂ ಕಾಣಲಿಲ್ಲ.

ಮನೆಗೆ ಬಂದು ನಿಮ್ಮಪ್ಪನ ಫೋನಿನಲ್ಲಿ ಒಂದೊಂದೇ ಕಿಟಕಿ ತೆಗೆದು ಕೇಳಿದೆ. ಒಂಬತ್ತು ಕಿಟಕಿ ನನ್ನವೇ. ಎಂಟರಲ್ಲಿ ಬೈಗುಳ, ಹೋಗಲಿ. ಮೇಲಿನ ಮೂಲೆಯದರಲ್ಲಿ ನಿನ್ನ ಚಿಕ್ಕಮ್ಮನ ವಿಷಯ ಇದೆ. ಗಂಡನ ಹೊಡೆತ ತಾಳಲಾರದೆ ಅವಳು ಮನೆ ಬಿಟ್ಟು ಬಂದದ್ದು, ಹಲ್ಲು ಮುರಿದದ್ದು, ನಮ್ಮ ಹಿತ್ತಲ ಕೋಣೆಯಲ್ಲಿ ಇರುವುದು, ಎಲ್ಲ. ಕೊನೆಗೆ ನಾನೇ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ" ಅನ್ನುತ್ತೇನೆ. ಯಾರಿಗೂ ಹೇಳಬೇಡ ಅಂದದ್ದನ್ನು ಡಂಗುರ ಹೊಡೆಸಿದ್ದೀಯಲ್ಲ, ನಿನಗೆ ಏನು ಹೇಳಲಿ?

ಫೋನಿನಲ್ಲೇ ಹೇಳಿಬಿಡೋಣ ಎಂದರು ನಿಮ್ಮಪ್ಪ. ಹೇಳಿದರೆ ಅದು ಹತ್ತನೆಯ ಕಿಟಕಿ ಆಗುತ್ತದೆ, ಬೇಡ ಎಂದೆ. ಕೊರಿಯರ್‌ಗೆ ಕೊಡುತ್ತಿದ್ದೇನೆ. ಕೈಗೆ ಸಿಕ್ಕ ಕೂಡಲೇ ಅದನ್ನು ತೆಗೆಸು. ನಿನ್ನ ಚಿಕ್ಕಮ್ಮನಿಗೆ ನಾನಿನ್ನೂ ಹೇಳಿಲ್ಲ. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ನಿನ್ನ ಅಮ್ಮ


ಮಾರ್ಚ್ ೯

ಅಮ್ಮಾ,

ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ, ನೀನೇ ಬೇಡ ಅಂದಿರಬೇಕು. ಸರಿ, ನಾನೂ ಕಾಗದ ಬರೆಯುತ್ತೇನೆ.

ಮೊದಲು ಒಂದು ಮಾತು. ಇದು ಚೇಷ್ಟೆಗೆ ಮಾಡಿದ್ದಲ್ಲ. ಏನು ಕೆಲಸ ಮಾಡುತ್ತೀಯ ಎಂದು ನೀನು ಕೇಳಿದಾಗಲೆಲ್ಲ ಕಂಪ್ಯೂಟರ್ ಕೆಲಸ ಎಂದು ಮುಗಿಸಿಬಿಟ್ಟಿದ್ದೇನೆ. ಗೋಡೆಗೆ ತೂಗುಹಾಕಲು ಆಗದ, ಇಂಟರ್‌ನೆಟ್‌ನಲ್ಲಷ್ಟೇ ಬದುಕುವ ಕಲೆ ಅಂತ ಒಂದಿದೆ. ಮುಟ್ಟಿದರೆ ಮಾತಾಡುವ ಚಿತ್ರ, ನೋಡುವವರೇ ಬೆಳೆಸುವ ಕಥೆ, ಹೀಗೆ. ಹಳೆಯ ಮಶೀನು ಕೆಟ್ಟರೆ, ಯಾವುದೋ ಕಂಪನಿ ಬಾಗಿಲು ಹಾಕಿದರೆ, ಅವು ಹೇಳಹೆಸರಿಲ್ಲದೆ ಅಳಿದುಹೋಗುತ್ತವೆ. ಅದಕ್ಕೆಂದೇ ಐದು ಊರಿನ ನಾವು ಐದು ಜನ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಒಳ್ಳೆಯದನ್ನು ಹುಡುಕುತ್ತೇವೆ, ಕೂಡಿ ಆರಿಸುತ್ತೇವೆ, ಜನರಿಗೆ ತೋರಿಸುತ್ತೇವೆ, ಐದೂ ಕಡೆ ಒಂದೊಂದು ಪ್ರತಿ ಇಟ್ಟು ಕಾಪಾಡುತ್ತೇವೆ. ಯಜಮಾನರು ಯಾರೂ ಇಲ್ಲ. ಐದು ಜನ ಒಪ್ಪಿದರೆ ಒಂದು ಕೃತಿ ಒಳಗೆ ಬರುತ್ತದೆ, ಐದು ಜನ ಒಪ್ಪಿದರೆ ಮಾತ್ರ ಹೊರಗೆ ಹೋಗುತ್ತದೆ.

'ಎತ್ತದ ಕರೆಗಳು' ಮಾಡಿದವಳು ನನ್ನ ಗೆಳತಿ. ಎಲ್ಲರೂ ಅವಳನ್ನು ಗುಬ್ಬಿ ಅನ್ನುತ್ತೇವೆ. ತಾಯಂದಿರ ದನಿ ಬೇಕು ಎಂದಳು, ನನ್ನ ಫೋನಿನಲ್ಲಿದ್ದ ನಿನ್ನ ಮೆಸೇಜುಗಳನ್ನು ಕೊಟ್ಟೆ. ಹೆಸರುಗಳನ್ನೆಲ್ಲ ಅವಳು ಕತ್ತರಿಸಿದ್ದಾಳೆ, ದನಿ ಮಾತ್ರ ಉಳಿಸಿದ್ದಾಳೆ. ಆ ದನಿಯನ್ನು ಮೆಚ್ಚಿ ಜನ ದಿನವೂ ಬರೆಯುತ್ತಾರೆ ಅಮ್ಮಾ. ತಾಯಿಯನ್ನು ಕಳೆದುಕೊಂಡ ಒಬ್ಬರು ಬೆಳಿಗ್ಗೆ ನಿನ್ನ ಬೈಗುಳ ಕೇಳಿಯೇ ಕೆಲಸಕ್ಕೆ ಹೊರಡುತ್ತಾರಂತೆ.

ಚಿಕ್ಕಮ್ಮನ ವಿಷಯ ಅದರಲ್ಲಿರುವುದು ನನಗೆ ಗೊತ್ತಿರಲಿಲ್ಲ. ಆ ಮೆಸೇಜನ್ನು ನಾನು ಕೇಳಿರಲಿಲ್ಲ. ಪ್ರದರ್ಶನದ ಗಡಿಬಿಡಿ ಇತ್ತು, ಆಮೇಲೆ ಕೇಳಿದರಾಯಿತು ಎಂದು ಬಿಟ್ಟೆ. ಗುಬ್ಬಿಗೆ ಎಲ್ಲವನ್ನೂ ಒಟ್ಟಿಗೆ ಕಳಿಸಿಬಿಟ್ಟೆ, ಕೃತಿಯನ್ನು ಒಪ್ಪುವಾಗಲೂ ಒಂದೆರಡು ಕಿಟಕಿ ಕೇಳಿ ಸಾಕು ಮಾಡಿದೆ.

ಇವತ್ತೇ ಬಳಗಕ್ಕೆ ಬರೆದಿದ್ದೇನೆ. ಸ್ವಲ್ಪ ಸಮಾಧಾನ ತಂದುಕೋ, ಇದು ನನ್ನೊಬ್ಬಳ ಕೈಯಲ್ಲಿಲ್ಲ. ಅಷ್ಟಕ್ಕೂ ಹೆಸರೇ ಇಲ್ಲದ ದನಿ, ನಮ್ಮ ಕಡೆಯವರು ಯಾರು ಕೇಳುತ್ತಾರೆ?

ನಿನ್ನ ಮಗಳು


ಮಾರ್ಚ್ ೧೫

ಮಗಳಿಗೆ,

ಯಾರು ಕೇಳುತ್ತಾರೆ ಎಂದು ಕೇಳಿದ್ದೆಯಲ್ಲ, ಉತ್ತರ ನಿನ್ನೆ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಬಂದು ನಿಂತಿತ್ತು. ನಿನ್ನ ಚಿಕ್ಕಪ್ಪ.

ಹಿಂದೆ ಅವನು ಬಂದಾಗಲೆಲ್ಲ ಅವಳು ಇಲ್ಲಿಲ್ಲ ಎಂದು ನಿಮ್ಮಪ್ಪ ಹೇಳಿ ಕಳಿಸಿದ್ದರು. ನಂಬಿ ಹೋಗಿದ್ದ. ಈ ಸಲ ಒಂದು ಮಾತೂ ಆಡಲಿಲ್ಲ. ಬೀದಿಯಲ್ಲೇ ನಿಂತು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ. ನನ್ನ ದನಿ. "ಹಿತ್ತಲ ಕೋಣೆಲಿ ಮಲಗಿದಾಳೆ. ಬಾಗಿಲು ತಟ್ಟಿದ್ರೆ ಸಾಕು, ನಡುಗ್ತಾಳೆ. ಯಾರಿಗೂ ಹೇಳ್ಬೇಡ." ಮತ್ತೆ ಹಾಕಿದ. ಮತ್ತೆ. ಎದುರು ಮನೆಯವರು, ಪಕ್ಕದ ಮನೆಯವರು ಹೊರಗೆ ಬಂದು ನಿಂತರು.

"ಅತ್ತಿಗೆ, ಇದು ಯಾರ ದನಿ, ನೀವೇ ಹೇಳಿ" ಎಂದ.

ಸೊಂಟ ನೋವಿನ ಮನುಷ್ಯ ನಿಮ್ಮಪ್ಪ, ಕೋಲನ್ನೂ ಹಿಡಿಯದೆ ಹೋಗಿ ಗೇಟಿಗೆ ಅಡ್ಡ ನಿಂತರು. "ದನಿ ನನ್ನ ಹೆಂಡ್ತಿದು. ಗೇಟು ನಂದು. ಒಳಗೆ ಕಾಲಿಟ್ರೆ ಪೊಲೀಸರನ್ನ ಕರೀತೀನಿ" ಎಂದರು. ಅವನು ಕಾಲಿಡಲಿಲ್ಲ. ಇಡಬೇಕಾಗಿಯೂ ಇರಲಿಲ್ಲ. ಅವನಿಗೆ ಬೇಕಾದದ್ದು ತಿಳಿದಿತ್ತು, ತಿಳಿದಿದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು, ಅಷ್ಟೇ.

ಒಳಗೆ ನಿನ್ನ ಚಿಕ್ಕಮ್ಮ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಸುಟ್ಟು ಹೊಗೆ ಬರುತ್ತಿತ್ತು.

"ಅಕ್ಕಾ, ನೀನು ಯಾರಿಗೆ ಹೇಳ್ದೆ?"

"ಮಗಳಿಗೆ."

"ಅವಳು?"

ಏನು ಹೇಳಲಿ? ನೀನು ಇಡೀ ಲೋಕಕ್ಕೆ ಹೇಳಿದೆ ಎನ್ನಲೇ? ಲೋಕ ಕೇಳಿ ಮುಗಿಸಿದ ಮೇಲೂ ನೀನಿನ್ನೂ ಕೇಳಿರಲಿಲ್ಲ ಎನ್ನಲೇ?

ಬೆಳಿಗ್ಗೆ ಒಂದು ಚೀಲ ಹಿಡಿದು ಹೊರಟುಹೋದಳು. ಎಲ್ಲಿಗೆ ಎಂದು ನಿನಗೆ ಬರೆಯುವುದಿಲ್ಲ. ತಪ್ಪು ತಿಳಿಯಬೇಡ. ತಿಳಿದರೂ ಸರಿಯೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದರು ಹಿರಿಯರು. ನಿಮ್ಮ ಬಳಗದ ಕೈಗೆ ಸಿಕ್ಕರೆ ಹೋಗುವುದೂ ಇಲ್ಲವಲ್ಲ. ಐದು ಊರಲ್ಲಿ ಉಪ್ಪು ಹಾಕಿ ಇಟ್ಟಿದ್ದೀರಿ. ಯಜಮಾನರಿಲ್ಲ ಎಂದು ಹೆಮ್ಮೆಯಿಂದ ಬರೆದೆ. ಯಜಮಾನರಿದ್ದಿದ್ದರೆ ನಾನು ಅವರ ಬಾಗಿಲಿಗಾದರೂ ಹೋಗಿ ನಿಲ್ಲುತ್ತಿದ್ದೆ. ಐದು ಜನರ ಮನೆಯಲ್ಲಿ ಯಾವ ಬಾಗಿಲು ತಟ್ಟಲಿ?

ಅಮ್ಮ


ಮಾರ್ಚ್ ೨೨

ಅಮ್ಮಾ,

ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಓದಿ ಮುಗಿಸಿ ಒಳಗೆ ಹೋಗಿ ಬಳಗದ ಉಳಿದ ನಾಲ್ವರನ್ನೂ ಕಂಪ್ಯೂಟರಿನ ಪರದೆಗೆ ಕರೆದೆ. ಗುಬ್ಬಿಯನ್ನೂ ಕರೆದೆ.

ಮೇಷ್ಟ್ರು ಅಂತ ಒಬ್ಬರಿದ್ದಾರೆ. ಕಲೆಯ ಪಾಠ ಹೇಳುತ್ತಿದ್ದವರು, ನಮ್ಮಲ್ಲಿ ಹಿರಿಯರು. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಒಂದು ಕಿಟಕಿ ತೆಗೆದ್ರೆ ಕೃತಿ ಕುಂಟಾಗುತ್ತೆ. ಇವತ್ತು ಇದು ಬೇಡ ಅಂತೀರಿ, ನಾಳೆ ಇನ್ನೊಬ್ರು ಬಂದು ಇನ್ನೊಂದು ಬೇಡ ಅಂತಾರೆ. ಕಾಪಾಡೋದಕ್ಕೆ ತಾನೆ ನಾವಿರೋದು?"

"ಸರ್, ಒಬ್ಬ ಹೆಂಗಸಿನ ಪ್ರಾಣದ ಪ್ರಶ್ನೆ" ಎಂದೆ.

"ನನಗೂ ಬೇಜಾರಿದೆ. ಆದ್ರೆ ಆ ಮನುಷ್ಯನಿಗೆ ಗೊತ್ತಾಗಿ ಹೋಯ್ತಲ್ಲ, ಇನ್ನು ತೆಗೆದು ಏನು ಪ್ರಯೋಜನ?"

ಹೀಗೆಂದು ಚಹಾ ಕುಡಿದರು ಅಮ್ಮಾ. ಪರದೆಯಲ್ಲಿ ಕಪ್ಪು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡುತ್ತಾ ಕೂತೆ. ಗುಬ್ಬಿ ತಲೆ ತಗ್ಗಿಸಿ, "ಆ ಕಿಟಕೀನೇ ಇಡೀ ಕೃತಿಯ ಹೃದಯ" ಎಂದಳು. ಉಳಿದ ಮೂವರು ತೆಗೆಯಬಹುದು ಎಂದರು, ಆದರೆ ನಿಯಮ ಮುರಿಯಲು ಅಂಜಿದರು. ಒಬ್ಬರು ಒಪ್ಪದಿದ್ದರೂ ತೆಗೆಯುವಂತಿಲ್ಲ ಎನ್ನುವ ಆ ನಿಯಮವನ್ನು ಬರೆದವಳು ನಾನೇ. ದುಡ್ಡಿದ್ದವರು ಬಂದು ಒತ್ತಡ ಹಾಕಿ ಯಾರ ಕೃತಿಯನ್ನೂ ಕಿತ್ತುಹಾಕಬಾರದು ಎಂದು ಬರೆದಿದ್ದೆ. ನನ್ನ ಅಮ್ಮ ಬಂದು ಕೇಳುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ.

ನನ್ನ ಕಡೆಯ ಪ್ರತಿಯನ್ನು ಅಳಿಸಿದ್ದೇನೆ. ಉಳಿದ ನಾಲ್ಕು ಕಡೆ ಇದೆ. ಗುಬ್ಬಿಯ ವಿಳಾಸ ಜೊತೆಗಿಟ್ಟಿದ್ದೇನೆ. ನನ್ನ ಮಾತಿಗಿಂತ ನಿನ್ನ ಮಾತು ಅವಳಿಗೆ ತಾಗಬಹುದು.

ಚಿಕ್ಕಮ್ಮ ಎಲ್ಲಿದ್ದಾಳೆ ಎಂದು ಕೇಳುವುದಿಲ್ಲ. ಹುಷಾರಾಗಿದ್ದಾಳೆ ಎಂದಷ್ಟು ಬರೆ.

ಮಗಳು


ಮಾರ್ಚ್ ೨೯

ಗುಬ್ಬಿ ಎಂದು ಕರೆಸಿಕೊಳ್ಳುವವರಿಗೆ,

ನಿಮ್ಮ ನಿಜ ಹೆಸರನ್ನು ಮಗಳು ಬರೆದಿದ್ದಾಳೆ. ನಾನು ಅದನ್ನು ಇಲ್ಲಿ ಬಳಸುವುದಿಲ್ಲ. ಒಬ್ಬರ ಗುಟ್ಟು ಇನ್ನೊಬ್ಬರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಈಚೆಗೆ ಕಲಿತಿದ್ದೇನೆ. ನಿಮ್ಮ ಮನೆಯ ಒಂಬತ್ತು ಕಿಟಕಿಗಳ ಹೆಂಗಸು ನಾನು.

ಹೆಸರಿಲ್ಲ, ದನಿ ಮಾತ್ರ ತಾನೇ ಎಂದುಕೊಂಡಿರಂತೆ. ನಾನು ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಕೂಗಿದವಳು. ಈ ಊರಲ್ಲಿ ನನ್ನ ಮುಖ ನೋಡದವರಿಗೂ ನನ್ನ ದನಿ ಗೊತ್ತು. ಮೈಕಿನ ಮುಂದೆ ಕೂರುವ ಮೊದಲು ಬಿಸಿನೀರು ಕುಡಿಯುತ್ತಿದ್ದೆ, ಬೆನ್ನು ನೇರ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಎಂಥ ರಾದ್ಧಾಂತವೇ ಆಗಿರಲಿ, ಗುಂಡಿ ಒತ್ತಿದ ಮೇಲೆ ದನಿಯಲ್ಲಿ ಅದರ ಸುಳಿವು ಇರುತ್ತಿರಲಿಲ್ಲ. ಹೆತ್ತವಳು ತೀರಿಕೊಂಡ ಸುದ್ದಿ ಬಂದ ದಿನವೂ ಗಾಡಿ ತಡವಾಗಿದೆ ಎಂದು ಹೇಳಿ, ಪ್ರಯಾಣಿಕರ ಕ್ಷಮೆ ಕೇಳಿ, ಆಮೇಲೆ ಎದ್ದು ಬಂದೆ. ಅದು ನಾನು ಊರಿಗೆ ಕೊಟ್ಟ ದನಿ. ಅದನ್ನು ಯಾವ ಕಿಟಕಿಗೆ ಬೇಕಾದರೂ ಹಾಕಿಕೊಳ್ಳಿ, ನನ್ನ ತಕರಾರಿಲ್ಲ.

ನೀವು ತೆಗೆದುಕೊಂಡದ್ದು ಇನ್ನೊಂದನ್ನು. ಅದು ಒಬ್ಬಳಿಗಾಗಿ ಆಡಿದ್ದು. ಅವಳು ಕೇಳದೆ ಬಿಟ್ಟಳು ಎಂದ ಮಾತ್ರಕ್ಕೆ ಅದು ಬೀದಿಯಲ್ಲಿ ಬಿದ್ದ ವಸ್ತು ಆಗುವುದಿಲ್ಲ, ಕಂಡವರು ಎತ್ತಿಕೊಂಡು ಹೋಗಲು.

ಆ ಕಿಟಕಿ ನಿಮ್ಮ ಕೃತಿಯ ಹೃದಯ ಎಂದಿರಂತೆ. ಹೃದಯ ಅಲ್ಲ ತಾಯಿ, ಅದು ನನ್ನ ತಂಗಿಯ ಮುರಿದ ಹಲ್ಲು. ಅದನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡು ಎಲ್ಲರಿಗೂ ತೋರಿಸುತ್ತಿದ್ದೀರಿ.

ಒಂದು ಪ್ರಶ್ನೆ. ನಿಮ್ಮ ಸ್ವಂತ ತಾಯಿಯ ಕಿಟಕಿ ಯಾವುದು? ಎಲ್ಲವನ್ನೂ ಕೇಳಿದೆ, ಗೊತ್ತಾಗಲಿಲ್ಲ.

ಇಂತಿ, ನೀವು ಕೇಳದೆ ಕಿಟಕಿಯಲ್ಲಿ ಕೂರಿಸಿದವಳು


ಏಪ್ರಿಲ್ ೬

ಅಮ್ಮನವರಿಗೆ,

ನನ್ನ ತಾಯಿಯ ಕಿಟಕಿ ಅದರಲ್ಲಿಲ್ಲ. ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಬೇರೆಯವರ ತಾಯಂದಿರು ಹೇಗೆ ಬೈಯುತ್ತಾರೆ ಎಂದು ಕೇಳಬೇಕು ಅನಿಸಿತ್ತು, ಅಲ್ಲಿಂದ ಶುರುವಾಯಿತು. ಸಬೂಬು ಎಂದು ಇದನ್ನು ಬರೆಯುತ್ತಿಲ್ಲ, ನೀವು ಕೇಳಿದಿರಿ ಎಂದು ಬರೆದೆ.

ಮಾಡಿದವಳು ನಾನು, ಆದ್ದರಿಂದ ತಿದ್ದುವ ಹಕ್ಕು ನನಗಿದೆ. ಆ ಕಿಟಕಿಯ ದನಿ ತೆಗೆದಿದ್ದೇನೆ. ಕಿಟಕಿಯನ್ನು ಕಪ್ಪು ಮಾಡಿ, 'ಈ ದನಿಯನ್ನು ಅದರ ಒಡತಿ ಹಿಂದಕ್ಕೆ ಪಡೆದಿದ್ದಾರೆ' ಎಂದು ಬರೆದಿದ್ದೇನೆ. ಬಳಗದ ಮೂವರು ಈಗ ಅದನ್ನೇ ಇಟ್ಟುಕೊಂಡಿದ್ದಾರೆ. ಮೇಷ್ಟ್ರು ಮಾತ್ರ, ಮೊದಲು ಬಂದ ರೂಪವೇ ನಿಜವಾದದ್ದು ಎಂದು ಹಳೆಯ ಪ್ರತಿಯನ್ನು ಬದಲಿಸಲು ಒಪ್ಪುತ್ತಿಲ್ಲ.

ನಿಮ್ಮ ತಂಗಿಯವರ ಮುಂದೆ ನಿಲ್ಲುವ ಮುಖ ನನಗಿಲ್ಲ.

ಗುಬ್ಬಿ


ಏಪ್ರಿಲ್ ೨೭

ಮಗಳಿಗೆ,

ನಿನ್ನ ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು. ಆದರೆ ಮುಚ್ಚಿದ ಬಾಗಿಲಿಗೇ ಜನ ಕಿವಿ ಇಡುವುದು. ಈಗ ಎಲ್ಲರಿಗೂ ಆ ಕಪ್ಪು ಕಿಟಕಿಯೇ ಬೇಕು. ಏನಿತ್ತು ಅದರಲ್ಲಿ ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಮೇಷ್ಟರ ಪ್ರತಿಯ ದಾರಿ ತೋರಿಸುತ್ತಾರೆ. ಹೋಗಿ ಕೇಳಿಕೊಂಡು ಬಂದು, ಅಯ್ಯೋ ಪಾಪ ಎಂದು ಬರೆಯುತ್ತಾರೆ. ಮೌನವೇ ಮಾತಾಡುತ್ತಿದೆ ಎಂದು ಯಾರೋ ಉದ್ದಕ್ಕೆ ಲೇಖನವನ್ನೂ ಬರೆದಿದ್ದಾರೆ. ನಿಮ್ಮಪ್ಪ ಓದಿ ಹೇಳಿದರು. ಮೌನ ಮಾತಾಡುತ್ತಿಲ್ಲ, ಮೇಷ್ಟರ ಮಶೀನು ಮಾತಾಡುತ್ತಿದೆ.

ಇಷ್ಟು ಸಾಲದು ಎಂಬಂತೆ ನಿಮ್ಮ ಬಳಗದ ಹೆಸರಲ್ಲಿ ಒಂದು ಆಹ್ವಾನ ಬಂದಿದೆ. ಯಾವುದೋ ಸಭೆಯಲ್ಲಿ ನಾನು ಮಾತಾಡಬೇಕಂತೆ. ನನ್ನನ್ನು 'ಸಹಕಲಾವಿದೆ' ಎಂದು ಕರೆದಿದ್ದಾರೆ. "ಹೋಗ್ಬಾ, ಚಪ್ಪಾಳೆ ತಟ್ತಾರೆ" ಎಂದರು ನಿಮ್ಮಪ್ಪ. ನನ್ನ ಮುಖ ನೋಡಿ ಅಲ್ಲಿಗೇ ಬಾಯಿ ಮುಚ್ಚಿಕೊಂಡರು. ಮನೆಗೆ ಕನ್ನ ಹಾಕಿದವರು ಬಂದು, ಕಳ್ಳತನದಲ್ಲಿ ನಿಮ್ಮದೂ ಒಂದು ಪಾಲಿದೆ, ಬನ್ನಿ ಎಂದು ಕರೆದ ಹಾಗಾಯಿತು. ಅದನ್ನು ಕಳಿಸಿದವರು ಯಾರು ಎಂದು ನಾನು ಕೇಳುವುದಿಲ್ಲ. ಐದು ಜನ, ಯಜಮಾನರಿಲ್ಲ.

ನಿನ್ನ ಚಿಕ್ಕಪ್ಪ ಮತ್ತೊಮ್ಮೆ ಬಂದಿದ್ದ. ಪೊಲೀಸರು ಬಂದು ಎಚ್ಚರಿಸಿ ಹೋದರು. ಆಮೇಲೆ ಈ ಕಡೆ ಸುಳಿದಿಲ್ಲ. ಅವಳು ಹುಷಾರಾಗಿದ್ದಾಳೆ. ನೀನು ಅಷ್ಟನ್ನು ಮಾತ್ರ ಕೇಳಿದ್ದೆ, ಅಷ್ಟನ್ನು ಬರೆದಿದ್ದೇನೆ.

ಒಂದು ಕಿಟಕಿ ಅಲ್ಲ, ನನ್ನ ಒಂಬತ್ತೂ ಕಿಟಕಿ ಹೋಗಬೇಕು, ಕಪ್ಪಾದದ್ದೂ ಸೇರಿ. ಆ ಜಾಗದಲ್ಲಿ ಬರೀ ಗೋಡೆ ಕಾಣಬೇಕು. ಉಳಿದ ತಾಯಂದಿರನ್ನೂ ಒಮ್ಮೆ ಕೇಳಿ. ಅವರಿಗೆ ಗೊತ್ತಾದರೂ ಇದೆ ಏನು?

ಅಮ್ಮ


ಮೇ ೧೮

ಅಮ್ಮಾ,

ಕೆಲಸ ಆಯಿತು. ಹೇಗಾಯಿತು ಎಂದು ಓದಿ ನೀನು ಬೈಯುತ್ತೀಯ, ಬೈಯಿ.

ಗುಬ್ಬಿ ತಾಯಂದಿರೆಲ್ಲರಿಗೂ ಬರೆದಳು. ನೀನು ಹೇಳಿದ್ದೇ ನಿಜ, ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕೆಲವರು ಕೆಂಡವಾದರು. ಕೆಲವರು ಇರಲಿ ಬಿಡಿ ಎಂದರು. ಒಬ್ಬರಿಗೆ ಆವತ್ತು ಗಂಟಲು ಕೆಟ್ಟಿತ್ತಂತೆ, ಇನ್ನೊಮ್ಮೆ ಚೆನ್ನಾಗಿ ಬೈದು ಕಳಿಸುತ್ತೇನೆ ಎಂದರಂತೆ. ನಿನ್ನ ಒಂಬತ್ತನ್ನೂ, ಬೇಡ ಎಂದ ಉಳಿದವರ ಕಿಟಕಿಗಳನ್ನೂ ಗುಬ್ಬಿ ತೆಗೆದಳು. ಈಗ ಅದು ಮನೆಯಂತಿಲ್ಲ, ಗೋದಾಮಿನಂತಿದೆ.

ಮೇಷ್ಟರ ಪ್ರತಿ ಉಳಿದಿತ್ತು. ಪರದೆಯ ಮೇಲೆ ವಾದ ಮಾಡಿ ಸಾಕಾಗಿ ಅವರ ಊರಿಗೇ ಹೋದೆ. ಪ್ರೀತಿಯಿಂದಲೇ ಒಳಗೆ ಕರೆದರು. ಎರಡು ಕೋಣೆಯ ಮನೆ, ನೆಲದಿಂದ ಮಾಡಿನವರೆಗೆ ಪುಸ್ತಕ. ಅವರ ಹೆಂಡತಿ ಚಹಾ ಕೊಟ್ಟರು. ಮಗನ ಮಾತು ಬಂತು. ಎಷ್ಟಾದರೂ ಮನೆಯವರಂತೆ ಹಚ್ಚಿಕೊಂಡವರು, ನನ್ನ ಮುಂದೆ ಮುಚ್ಚಿಡಲಿಲ್ಲ. ಅವನು ಕುಡಿತ ಬಿಡಿಸುವ ಕಡೆ ಇದ್ದಾನಂತೆ. ಮದುವೆಯ ಮಾತುಕತೆ ನಡೆದಿರುವ ಕಡೆಯವರಿಗೆ ಬೇರೆ ಊರಲ್ಲಿ ಕೆಲಸ ಎಂದಿದ್ದಾರಂತೆ. ನಿಮ್ಮಿಂದಲೇ ಹಾಳಾದ ಎಂದು ಹೆಂಡತಿ, ನಿನ್ನ ಮುದ್ದಿನಿಂದ ಎಂದು ಇವರು. ಸ್ವಲ್ಪ ಹೊತ್ತು ಹಾಗೇ ನಡೆಯಿತು.

ನಾನು ಫೋನನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟೆ. "ಸರ್, ರೆಕಾರ್ಡ್ ಆಗಿದೆ. ಹೆಸರು ಕತ್ತರಿಸ್ತೀನಿ. ದನಿ ಮಾತ್ರ."

ಅವರ ಮುಖ ಬಿಳುಪೇರಿತು. "ಏನು ಹೀಗೆ ಮಾಡ್ತೀಯಮ್ಮ? ಇದು ಮನೆ."

"ಅದೂ ಮನೇನೇ ಸರ್."

ಅವರ ಹೆಂಡತಿಗೆ ಏನೂ ಅರ್ಥವಾಗಲಿಲ್ಲ. ಚಿಕ್ಕಮ್ಮನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿ ಗಂಡನ ಕಡೆ ತಿರುಗಿ, "ಇದನ್ನ ನೀವು ಇಟ್ಕೊಂಡಿದೀರಾ? ಈ ಮನೇಲಿ? ಅಳಿಸ್ರಿ. ಈಗ್ಲೇ" ಎಂದರು.

"ನಿನಗೆ ಗೊತ್ತಾಗಲ್ಲ, ಅದು ತತ್ವದ ಪ್ರಶ್ನೆ."

"ತತ್ವ ಆಮೇಲೆ. ಆ ಹೆಂಗಸಿನ ಜಾಗದಲ್ಲಿ ನಾನಿದ್ದಿದ್ರೆ?"

ಮೇಷ್ಟ್ರು ಚಹಾದ ಕಪ್ಪನ್ನು ಬದಿಗೆ ಸರಿಸಿದರು. ಆಮೇಲೆ ಎದ್ದು ಹೋಗಿ ಅಳಿಸಿದರು. ಅವರ ಮುಂದೆಯೇ ನಾನು ನನ್ನದನ್ನು ಅಳಿಸಿದೆ. ಹೊರಡುವಾಗ ಬಾಗಿಲವರೆಗೂ ಬರಲಿಲ್ಲ. ಅವರಿಂದ ಎಷ್ಟೋ ಕಲಿತಿದ್ದೆ ಅಮ್ಮಾ. ಮನಸ್ಸಿಗೆ ಕಷ್ಟವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಬಳಗದಿಂದ ಹೊರಗೆ ಬಂದಿದ್ದೇನೆ. ನಡುವೆ ಯಾರಾದರೂ ಆ ದನಿಯನ್ನು ಇಳಿಸಿಕೊಂಡಿದ್ದರೆ ಅದು ನಮ್ಮ ಕೈ ಮೀರಿದ್ದು. ಅದನ್ನು ನಿನಗೆ ಸುಳ್ಳು ಹೇಳುವುದಿಲ್ಲ.

ಇದರ ಜೊತೆ ಅಂಟಿಸಿದ ಲಕೋಟೆ ಇದೆ, ಚಿಕ್ಕಮ್ಮನಿಗೆ. ಕೊಡಬೇಕೆನಿಸಿದರೆ ಕೊಡು.

ಮಗಳು


ಜೂನ್ ೧೦

ಮಗಳೇ,

ಕದ್ದು ರೆಕಾರ್ಡ್ ಮಾಡಿದ್ದು ತಪ್ಪು. ಯಾರಿಗೆ ಮಾಡಿದರೂ ತಪ್ಪೇ. ಮೇಷ್ಟರ ಹೆಂಡತಿಗೆ ಕ್ಷಮೆ ಕೇಳಿ ಬರೆ. ಇದನ್ನು ನಾನು ಗಟ್ಟಿಯಾಗಿ ಹೇಳಿಕೊಂಡು ಬರೆಯುವಾಗ ನಿಮ್ಮಪ್ಪ ಪಕ್ಕದ ಕೋಣೆಯಲ್ಲಿ ಪತ್ರಿಕೆ ಅಡ್ಡ ಹಿಡಿದು ನಗುತ್ತಿದ್ದರು. ಅವರನ್ನೂ ಬೈದೆ.

ಲಕೋಟೆ ಕೊಟ್ಟೆ. ನಿನ್ನ ಚಿಕ್ಕಮ್ಮನಿಗೆ ಈಗ ತನ್ನದೇ ಆದ ಒಂದು ಕೋಣೆ ಇದೆ, ಒಂದು ಕೆಲಸ ಇದೆ. ಯಾವುದು, ಎಲ್ಲಿ ಎಂದು ಅವಳೇ ಹೇಳಿದಾಗ ಕೇಳಿಸಿಕೋ. ಕಳೆದ ಭಾನುವಾರ ಧೈರ್ಯ ಮಾಡಿ ಮನೆಗೆ ಬಂದಿದ್ದಳು. ನಿನ್ನ ಕಾಗದವನ್ನು ನನ್ನ ಮುಂದೆ ಓದಲಿಲ್ಲ. ಹಿತ್ತಲಿಗೆ ಹೋಗಿ ಓದಿದಳು. ಬಂದವಳು ಎಲ್ಲರಿಗೂ ತಟ್ಟೆ ಹಾಕಿದಳು. ಊಟ ಮಾಡಿದೆವು. ನಾನು ತಟ್ಟೆ ತೊಳೆಯುತ್ತಿದ್ದೆ, ಅವಳು ಒರೆಸಿ ಇಡುತ್ತಿದ್ದಳು. ಆಗ ಕೇಳಿದಳು.

"ಬರ್ತಾಳಂತಾ?"

"ಯಾರು?"

"ಇನ್ಯಾರು, ನಿನ್ನ ಮಗಳು."

"ಬಂದ್ರೆ ಏನ್ಮಾಡ್ತೀಯ?"

ಕೈಯಲ್ಲಿದ್ದ ತಟ್ಟೆಯನ್ನು ಒಂದಿಷ್ಟು ಹೊತ್ತು ಒರೆಸಿದಳು. ಒರೆಸಲು ಅದರಲ್ಲಿ ನೀರೇ ಉಳಿದಿರಲಿಲ್ಲ. "ಬಂದ್ರೆ ನಾಲ್ಕು ಬಾರಿಸ್ತೀನಿ. ಆಮೇಲೆ ನೋಡೋಣ" ಎಂದಳು.

ಯಾವತ್ತೂ ಯಾರ ಮೇಲೂ ಕೈ ಎತ್ತಿದವಳಲ್ಲ ಅವಳು, ಎಣಿಸಿ ಹೇಳಿದ್ದಾಳೆ. ಮುಂದಿನ ಭಾನುವಾರವೂ ಇಲ್ಲೇ ಇರುತ್ತಾಳೆ. ಹೊರಟು ಬಾ. ಆ ನಾಲ್ಕು ಅವಳದು. ನನ್ನದು ಬೇರೆ ಇದೆ.

ಅಮ್ಮ